ಆಟದ ಬಯಲಿನಲ್ಲಿ ಬಂದೂಕಿಗೇನು ಕೆಲಸ?

ಆಟವನ್ನು ನೋಡಲು ಬರುವವನು ಸೊಂಟದಲ್ಲಿ ಪಿಸ್ತೂಲನ್ನು ಸಿಕ್ಕಿಸಿಕೊಂಡು ಬರಬಹುದೇ? ಇದು ಅಮೇರಿಕೆಯಂಥ ದೂರದೇಶದವರು ಚರ್ಚಿಸತಕ್ಕ ಪ್ರಶ್ನೆಯೆಂದೂ, ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಿಗೆ ಇದರ ಗೊಡವೆ ಬೇಡವೆಂದೂ ಹೇಳುವವರುಂಟು. ನಾವೂ ಹಾಗೆಯೇ ಭಾವಿಸಿ ಸುಮ್ಮನಿರಬಹುದಾಗಿತ್ತು. ಆದರೆ 2026ರ ಜನವರಿ 1ರ ರಾತ್ರಿ ಬಳ್ಳಾರಿ ನಗರದಲ್ಲಿ ನಡೆದ ಸಂಗತಿಯು ಸುಮ್ಮನಿರಲು ಬಿಡುವುದಿಲ್ಲ. ಮಹರ್ಷಿ ವಾಲ್ಮೀಕಿಯ ಪುತ್ಥಳಿಯ ಅನಾವರಣದ ನಿಮಿತ್ತ ಕಟ್ಟಲಾದ ಬ್ಯಾನರಿನ ಸಲುವಾಗಿ ಎರಡು ರಾಜಕೀಯ ಪಕ್ಷಗಳ ಅನುಯಾಯಿಗಳೊಳಗೆ ಕಲಹವು ಹುಟ್ಟಿ, ಕಲ್ಲುಗಳು ಹಾರಿ, ಕಡೆಗೆ ಗುಂಡು ಹಾರಿ, ಒಬ್ಬ ಯುವಕನು ಪ್ರಾಣವನ್ನು ಕಳೆದುಕೊಂಡನು. ಆ ಗುಂಡು ಪೋಲೀಸರದಲ್ಲ, ಖಾಸಗಿ ಅಂಗರಕ್ಷಕನ ಬಂದೂಕಿನದು ಎಂದು ಪೋಲೀಸರು ತಿಳಿಸಿದರು. ಅಪರಾಧವು ಯಾರದೆಂಬುದನ್ನು ನ್ಯಾಯಸ್ಥಾನವು ನಿರ್ಣಯಿಸತಕ್ಕದ್ದು. ಅದರಲ್ಲಿ ನಾವು ಕೈಹಾಕುವುದಿಲ್ಲ. ನಾವು ಅದರಿಂದ ಕಲಿಯಬೇಕಾದ ಪಾಠವು ಒಂದೇ: ಅಭಿಮಾನವು ಉಕ್ಕಿದ ಗುಂಪಿನ ನಡುವೆ ತುಂಬಿದ ಬಂದೂಕು ಇದ್ದರೆ, ಜಗಳದ ಕಾರಣವು ಎಷ್ಟೇ ಅಲ್ಪವಾಗಿರಲಿ, ಅದರ ಫಲವು ಮರಣವಾಗಬಹುದು.

ಬ್ಯಾನರಿನ ಜಗಳಕ್ಕೂ ಆಟದ ಬಯಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಬಹಳ ಹತ್ತಿರದ್ದು. ನಮ್ಮ ಊರುಗಳಲ್ಲಿ ಕಬಡ್ಡಿ ಪಂದ್ಯಾವಳಿಗೂ, ಕ್ರಿಕೆಟ್ ಕಪ್ಪಿಗೂ, ಜಾತ್ರೆಯ ಕುಸ್ತಿಗೂ ಹಣವನ್ನು ಕೊಡುವವರು ಯಾರು? ಬಹುಮಾನವನ್ನು ಹಂಚುವವರು ಯಾರು? ಅನೇಕ ಕಡೆಗಳಲ್ಲಿ ರಾಜಕೀಯದ ಮುಂದಾಳುಗಳೇ. ಅವರ ಹಿಂದೆ ಅಭಿಮಾನಿಗಳ ತಂಡವು ಬರುತ್ತದೆ. ಕೆಲವರ ಹಿಂದೆ ಬಂದೂಕನ್ನು ಹಿಡಿದ ಆಳುಗಳೂ ಬರುತ್ತಾರೆ. ಹಗಲು ತಂಡದ ಹೆಸರಿನಲ್ಲಿ ಕೂಗುವ ತರುಣನೇ ರಾತ್ರಿ ನಾಯಕನ ಹೆಸರಿನಲ್ಲಿ ಕೂಗುತ್ತಾನೆ. ಅಂಪೈರನು ಕೊಟ್ಟ ಒಂದು ತೀರ್ಪಿಗೂ, ಹರಿದ ಒಂದು ಬ್ಯಾನರಿಗೂ ಒಂದೇ ವಿಧವಾಗಿ ರಕ್ತವು ಕುದಿಯುವ ವಯಸ್ಸು ಅದು. ಆದುದರಿಂದ ಆಟದ ಬಯಲಿನ ಬಂದೂಕಿನ ಪ್ರಶ್ನೆಯು ನಮ್ಮದೇ ಪ್ರಶ್ನೆ.

ಈ ವಿಷಯದಲ್ಲಿ ಕಾಯಿದೆಯು ಏನು ಹೇಳುತ್ತದೆಂಬುದನ್ನು ನೋಡೋಣ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳಕೂಡದು. ಇದು ಎಲ್ಲರಿಗೂ ತಿಳಿದುದೇ. ಆದರೆ ಪರವಾನಗಿಯ ಪತ್ರದಲ್ಲಿಯೇ ಬರೆದಿರುವ ಷರತ್ತೊಂದನ್ನು ಪರವಾನಗಿದಾರರಲ್ಲಿ ಎಷ್ಟು ಮಂದಿ ಓದಿರುವರೋ ಕಾಣೆವು. ಅಧಿಕಾರಿಗಳಿಂದ ವಿಶೇಷ ಅಪ್ಪಣೆಯನ್ನು ಪಡೆದ ಹೊರತು, ಆಯುಧವನ್ನು ಜಾತ್ರೆಗಾಗಲಿ, ಧಾರ್ಮಿಕ ಮೆರವಣಿಗೆಗಾಗಲಿ, ಬೇರೆ ಯಾವುದೇ ಸಾರ್ವಜನಿಕ ನೆರವಿಗಾಗಲಿ, ವಿದ್ಯಾಸಂಸ್ಥೆಯ ಆವರಣದೊಳಕ್ಕಾಗಲಿ ಒಯ್ಯಕೂಡದೆಂಬುದೇ ಆ ಷರತ್ತು. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ಜನಸಂದಣಿಯು ಜಾತ್ರೆಯಲ್ಲದೆ ಮತ್ತೇನು? ಸಿರುಗುಪ್ಪದ ಶಾಲೆಯ ಬಯಲಿನಲ್ಲಿ ನಡೆಯುವ ಕಬಡ್ಡಿಯು ಸಾರ್ವಜನಿಕ ನೆರವಿಯೂ ಹೌದು, ವಿದ್ಯಾಸಂಸ್ಥೆಯ ಆವರಣವೂ ಹೌದು. ಅಲ್ಲಿ ನಿಷೇಧವು ಎರಡು ಪಟ್ಟು. 2016ರ ಆಯುಧ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಝಳಪಿಸುವುದನ್ನೂ ಹಾರಿಸುವುದನ್ನೂ ನಿಷೇಧಿಸಿವೆ. 2019ರ ತಿದ್ದುಪಡಿಯಂತೆ, ಸಂಭ್ರಮಕ್ಕಾಗಿ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯವನ್ನು ತಂದವನಿಗೆ 2 ವರ್ಷಗಳವರೆಗೆ ಸೆರೆಮನೆಯಾಗಲಿ, 1 ಲಕ್ಷ ರೂಪಾಯಿಯವರೆಗೆ ದಂಡವಾಗಲಿ, ಎರಡೂ ಆಗಲಿ ವಿಧಿಸಬಹುದು. ಆದುದರಿಂದ ಹೊಸ ಕಾಯಿದೆಯನ್ನು ಬೇಡುವ ಅಗತ್ಯವೇ ಇಲ್ಲ. ಇರುವ ಕಾಯಿದೆಯು ದೊಡ್ಡವರ ಬಾಗಿಲಿನವರೆಗೆ ಹೋಗುತ್ತದೆಯೇ ಎಂಬುದೊಂದೇ ಪ್ರಶ್ನೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು, ಅದು ಅಲ್ಲಗಳೆಯತಕ್ಕದ್ದಲ್ಲ. ದೇಶಾಭಿಮಾನಿಗಳು ಹಿಂದೆ ಆಯುಧ ಕಾಯಿದೆಯನ್ನು ಕಟುವಾಗಿ ಖಂಡಿಸಿದವರೇ ಅಲ್ಲವೇ? ನಿಜ. 1878ರಲ್ಲಿ ಲಿಟ್ಟನ್ ಪ್ರಭುವಿನ ಸರಕಾರವು ಮಾಡಿದ ಕಾಯಿದೆಯು ಭಾರತೀಯನ ಕೈಯಿಂದ ಆಯುಧವನ್ನು ಕಿತ್ತು, ಐರೋಪ್ಯನಿಗೆ ವಿನಾಯಿತಿಯನ್ನು ಕೊಟ್ಟಿತು. ಅಂದು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿಯ ರೈತನು ತನ್ನ ಹೊಲವನ್ನು ಕಾಯಲು ಬಂದೂಕನ್ನು ಬೇಡಿ ಕೈಮುಗಿದು ನಿಲ್ಲಬೇಕಾಗಿತ್ತು. ಬಿಳಿಯನಾದವನಿಗೆ ಆ ಕಷ್ಟವಿರಲಿಲ್ಲ. ಈ ಅವಮಾನವನ್ನು ನೆನೆದೇ 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೆ ಒಳಪಟ್ಟು ಆಯುಧವನ್ನು ಧರಿಸುವ ಹಕ್ಕನ್ನು ಪ್ರಜೆಯ ಮೂಲಭೂತ ಹಕ್ಕುಗಳೊಳಗೆ ಸೇರಿಸಿತು. 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಆ ಹಕ್ಕನ್ನು ರಾಜ್ಯಾಂಗದೊಳಗೂ ಬರೆಯಬೇಕೆಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿಯನ್ನು ತಂದರು. ಅಂಬೇಡಕರರು ಅದನ್ನು ಒಪ್ಪಲಿಲ್ಲ. ಸಭೆಯು ಅದನ್ನು ತಿರಸ್ಕರಿಸಿತು.

ಸಭೆಯು ಮಾಡಿದುದು ಸರಿಯೇ ಎಂದು ನಮ್ಮ ಮತ. ನಮ್ಮ ಹಿರಿಯರು ಖಂಡಿಸಿದುದು ಬಂದೂಕಿಗೆ ನಿಯಮವನ್ನು ಕಟ್ಟಿದುದನ್ನಲ್ಲ; ಒಬ್ಬನಿಗೆ ಒಂದು ನಿಯಮ, ಇನ್ನೊಬ್ಬನಿಗೆ ಇನ್ನೊಂದು ಎಂಬ ಪಕ್ಷಪಾತವನ್ನು. ಕರಾಚಿಯ ಠರಾವಿನಲ್ಲಿಯೂ ‘ನಿಯಮಗಳಿಗೆ ಒಳಪಟ್ಟು’ ಎಂಬ ಮಾತು ಇದ್ದೇ ಇತ್ತು. ಆದರೆ ಇಂದು ನೋಡಿದರೆ ಆ ಪಕ್ಷಪಾತವೇ ಬೇರೆ ವೇಷದಿಂದ ಮರಳಿ ಬಂದಂತೆ ತೋರುತ್ತದೆ. ಬೆಳೆಯ ರಕ್ಷಣೆಗಾಗಿ ಬಂದೂಕಿನ ಪರವಾನಗಿಯನ್ನು ಪಡೆದ ರೈತನು ಅದನ್ನು ಹೆಗಲಿಗೇರಿಸಿ ಜಾತ್ರೆಗೆ ಬಂದರೆ ಪೋಲೀಸರು ಅವನನ್ನು ಅಲ್ಲಿಯೇ ತಡೆಯುವರು. ಐದಾರು ಕಾರುಗಳಲ್ಲಿ ಬಂದಿಳಿಯುವ ಅತಿಥಿಯ ಹಿಂದೆ ನಾಲ್ವರು ಖಾಸಗಿ ಬಂದೂಕಿನವರು ವೇದಿಕೆಯನ್ನು ಹತ್ತಿದರೆ ಅವರನ್ನು ತಡೆಯುವವರು ಯಾರು? ಅಂದು ವಿನಾಯಿತಿಯು ಬಣ್ಣಕ್ಕೆ ಇತ್ತು. ಇಂದು ಅದು ಪ್ರಭಾವಕ್ಕೆ ಇರಬಾರದು.

ಬಂದೂಕನ್ನು ಕಂಡರೇ ಹೌಹಾರುವವರು ನಾವಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಕೈಲ್ ಮುಹೂರ್ತದ ಹಬ್ಬದಲ್ಲಿ ಬಂದೂಕಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಬಂದೂಕು ಆಟಗಾರನ ಸಾಧನ. ಗುರಿಯು ಎದುರಿಗೆ ಇದೆ, ಸರದಿಯಿದೆ, ನೋಡಿಕೊಳ್ಳುವ ಹಿರಿಯರಿದ್ದಾರೆ. ಪ್ರೇಕ್ಷಕನ ಸೊಂಟದ ಪಿಸ್ತೂಲಿಗೆ ಇವು ಯಾವುವೂ ಇಲ್ಲ. ಅದಕ್ಕೆ ಇರುವ ಗುರಿಯೆಂದರೆ ನೆರೆದ ಮನುಷ್ಯರು ಮಾತ್ರ.

ಬಂದೂಕಿನ ಸ್ವಾತಂತ್ರ್ಯವನ್ನು ರಾಜ್ಯಾಂಗದಲ್ಲಿಯೇ ಬರೆದುಕೊಂಡ ಅಮೇರಿಕೆಯವರ ಅನುಭವವೇನು? 2017ರಲ್ಲಿ ಆರ್ಕನ್ಸಾ ಸಂಸ್ಥಾನದ ಶಾಸಕರು, ವಿಶೇಷ ಶಿಕ್ಷಣವನ್ನು ಪಡೆದ ಪರವಾನಗಿದಾರರು ಸರಕಾರಿ ವಿಶ್ವವಿದ್ಯಾಲಯಗಳೊಳಕ್ಕೆ ಪಿಸ್ತೂಲನ್ನು ಒಯ್ಯಬಹುದೆಂದು ಕಾಯಿದೆ ಮಾಡಿದರು. ಅದರಿಂದ ಫುಟ್‌ಬಾಲಿನ ಕ್ರೀಡಾಂಗಣದ ಬಾಗಿಲೂ ತೆರೆದಂತಾಯಿತು. ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟವು ಒಡನೆಯೇ ಆತಂಕವನ್ನು ಸೂಚಿಸಿತು. ಕೆಲವೇ ವಾರಗಳಲ್ಲಿ ಅದೇ ಶಾಸಕರು ಇನ್ನೊಂದು ಕಾಯಿದೆಯನ್ನು ಮಾಡಿ ಕಾಲೇಜಿನ ಪಂದ್ಯಗಳನ್ನು ಅದರಿಂದ ಹೊರಗಿಡಬೇಕಾಯಿತು. ಬಂದೂಕನ್ನು ಅಷ್ಟು ಪ್ರೀತಿಸುವ ನಾಡೂ ಆಟದ ಗ್ಯಾಲರಿಯ ಮುಂದೆ ಹಿಂಜರಿಯಿತು. 2024ರ ಫೆಬ್ರವರಿ 14ರಂದು ಮಿಸೌರಿಯ ಕಾನ್ಸಾಸ್ ನಗರದಲ್ಲಿ ಗೆದ್ದ ತಂಡದ ವಿಜಯೋತ್ಸವಕ್ಕೆ ಜನಸಾಗರವು ಸೇರಿತ್ತು. ಕೆಲವರೊಳಗೆ ಹುಟ್ಟಿದ ಮಾತಿನ ಜಗಳವು ಗುಂಡಿನ ಜಗಳವಾಯಿತು. ಒಬ್ಬ ಮಹಿಳೆ ಸತ್ತಳು, 20ಕ್ಕಿಂತ ಹೆಚ್ಚು ಮಂದಿ ಗಾಯಗೊಂಡರು, ಅವರಲ್ಲಿ ಅನೇಕರು ಮಕ್ಕಳು. ಅಲ್ಲಿ 800ಕ್ಕೂ ಹೆಚ್ಚು ಪೋಲೀಸರು ಕಾವಲಿದ್ದರೆಂಬುದನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು. ಗುಂಡು ಹಾರಿದ ಮೇಲೆ ಪೋಲೀಸರು ಓಡಿಬರಬಲ್ಲರು. ಹಾರಿದ ಗುಂಡನ್ನು ಹಿಂದಕ್ಕೆ ಕರೆಯಲಾರರು.

ನಮ್ಮ ದೇಶದಲ್ಲಿಯೂ ಆಟದ ಬಯಲು ರಕ್ತವನ್ನು ಕಂಡಿದೆ. 2022ರ ಮಾರ್ಚಿ 14ರಂದು ಪಂಜಾಬಿನ ಜಲಂಧರ ಜಿಲ್ಲೆಯಲ್ಲಿ, ಹೆಸರಾಂತ ಕಬಡ್ಡಿ ಆಟಗಾರ ಸಂದೀಪ ನಂಗಲ್ ಅಂಬಿಯಾನನನ್ನು ಪಂದ್ಯಾವಳಿಯ ಸ್ಥಳದಲ್ಲಿಯೇ ಗುಂಡಿಕ್ಕಿ ಕೊಂದರು. 2025ರ ಡಿಸೆಂಬರಿನಲ್ಲಿ ಮೊಹಾಲಿಯ ಕಬಡ್ಡಿ ಪಂದ್ಯಾವಳಿಯಲ್ಲಿ, ಜೊತೆಯಲ್ಲಿ ಫೋಟೋ ತೆಗೆಸಿಕೊಳ್ಳುವ ಅಭಿಮಾನಿಗಳ ಸೋಗಿನಿಂದ ಬಂದವರು ಮತ್ತೊಬ್ಬನನ್ನು ಕೊಂದರು. ಅಭಿಮಾನಿಯಾರು, ಘಾತುಕನಾರು ಎಂದು ಮುಖವನ್ನು ನೋಡಿ ಹೇಳಬಲ್ಲ ಸ್ವಯಂಸೇವಕನು ಎಲ್ಲಿಯೂ ಇಲ್ಲ. ಆದುದರಿಂದ ಎಲ್ಲರನ್ನೂ ಬಾಗಿಲಲ್ಲಿ ಪರೀಕ್ಷಿಸುವುದೇ ದಾರಿ; ಎಲ್ಲರನ್ನೂ ಪರೀಕ್ಷಿಸಬೇಕಾದರೆ ಯಾರಿಗೂ ವಿನಾಯಿತಿ ಇರಬಾರದು.

‘ಒಳ್ಳೆಯವನ ಕೈಯಲ್ಲಿ ಬಂದೂಕಿದ್ದರೆ ಕೆಟ್ಟವನು ಅಂಜುತ್ತಾನಲ್ಲವೇ?’ ಎಂದು ಕೆಲವರು ವಾದಿಸುತ್ತಾರೆ. ಒಂಟಿ ಮನೆಯಲ್ಲಿ ಈ ವಾದಕ್ಕೆ ಸ್ವಲ್ಪ ಬೆಲೆ ಇರಬಹುದು. ಸಾವಿರಾರು ಜನರು ತೋಳಿಗೆ ತೋಳು ತಾಗಿಸಿ ಕುಳಿತ ಗ್ಯಾಲರಿಯಲ್ಲಿ ಇದಕ್ಕೆ ಬೆಲೆಯಿಲ್ಲ. ಅಲ್ಲಿ ಒಬ್ಬನು ಗುಂಡು ಹಾರಿಸಿ, ಅವನನ್ನು ತಡೆಯಲೆಂದು ಇನ್ನಿಬ್ಬರು ಪಿಸ್ತೂಲನ್ನು ತೆಗೆದರೆ, ಓಡಿಬಂದ ಪೋಲೀಸನಿಗೆ ಕಾಣುವವರು ಮೂವರು ಬಂದೂಕಿನವರು. ಒಳ್ಳೆಯವನ ಹಣೆಯ ಮೇಲೆ ಅವನ ಗುಣವು ಬರೆದಿರುವುದಿಲ್ಲ. ಗುಂಡಿಗಿಂತಲೂ ದೊಡ್ಡ ಭಯವು ಇನ್ನೊಂದಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ವಿಜಯೋತ್ಸವಕ್ಕೆ ಬಂದ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅಲ್ಲಿ ಯಾರೂ ಗುಂಡು ಹಾರಿಸಿರಲಿಲ್ಲ, ನೂಕುನುಗ್ಗಲೊಂದೇ ಸಾಕಾಯಿತು. ಅಂಥ ಸಂದಣಿಯಲ್ಲಿ ಹರ್ಷಕ್ಕಾಗಿಯೇ ಆಗಲಿ, ಆಕಾಶಕ್ಕೇ ಆಗಲಿ, ಒಂದು ಗುಂಡು ಸಿಡಿದರೆ ಆಗುವ ಅನರ್ಥವನ್ನು ವಾಚಕರೇ ಊಹಿಸಿಕೊಳ್ಳಲಿ.

ಸಿರುಗುಪ್ಪದ ಮಹಾಜನರಿಗೆ ದೇವರಗಟ್ಟಿನ ಹೆಸರು ಹೊಸದಲ್ಲ. ಗಡಿಯಾಚೆ, ಕರ್ನೂಲು ಜಿಲ್ಲೆಯ ಆ ಬೆಟ್ಟದಲ್ಲಿ, ದಸರೆಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರಿನವರು ಬಡಿಗೆಗಳಿಂದ ಬಡಿದಾಡುತ್ತಾರೆ. ನಮ್ಮ ಕಡೆಯ ಜನರೂ ಅಲ್ಲಿಗೆ ಹೋಗುತ್ತಾರೆ. ವರ್ಷ ವರ್ಷವೂ ಅನೇಕರ ತಲೆ ಒಡೆಯುತ್ತದೆ, ಪ್ರಾಣಹಾನಿಯೂ ಆದುದುಂಟು. ಪೋಲೀಸರ ಬಂದೋಬಸ್ತೂ, ಹಿರಿಯರ ಬುದ್ಧಿವಾದವೂ ಅದನ್ನು ನಿಲ್ಲಿಸಲಾರದೆ ಹೋಗಿವೆ. ಒಮ್ಮೆ ಆಯುಧವು ಉತ್ಸವದ ಅಂಗವಾಗಿ ರೂಢಿಗೆ ಬಂದರೆ, ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಬಡಿಗೆಯ ಪೆಟ್ಟು ತಿಂದವರಲ್ಲಿ ಬಹುಮಂದಿ ಮರುದಿನ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಹೊಡೆದವನಿಗೆ ಪಶ್ಚಾತ್ತಾಪಕ್ಕಾದರೂ ಅವಕಾಶವಿದೆ. ಗುಂಡು ಆ ಅವಕಾಶವನ್ನು ಕೊಡುವುದಿಲ್ಲ. ನಮ್ಮ ಆಟದ ಬಯಲಿನಲ್ಲಿ ಬಂದೂಕು ಇನ್ನೂ ರೂಢಿಯಾಗಿಲ್ಲ. ರೂಢಿಯಾಗುವುದಕ್ಕೆ ಮುಂಚೆ ತಡೆಯುವುದೇ ಜಾಣತನ.

ಮಾಡತಕ್ಕದ್ದೇನು? ಪಂದ್ಯಾವಳಿಗೂ, ಕುಸ್ತಿಗೂ, ವಿಜಯದ ಮೆರವಣಿಗೆಗೂ ಅಪ್ಪಣೆಯನ್ನು ಕೊಡುವಾಗ, ಆವರಣದೊಳಗೆ ಖಾಸಗಿ ಬಂದೂಕು ಬರಕೂಡದೆಂಬ ಷರತ್ತನ್ನು ಅಧಿಕಾರಿಗಳು ಬರೆದು, ಏರ್ಪಾಡು ಮಾಡಿದವರ ರುಜುವನ್ನು ಪಡೆಯಲಿ. ಮುಖ್ಯ ಅತಿಥಿಯ ಖಾಸಗಿ ಅಂಗರಕ್ಷಕರು ತಮ್ಮ ಆಯುಧವನ್ನು ಸಮೀಪದ ಠಾಣೆಯಲ್ಲಿ ಒಪ್ಪಿಸಿ ರಸೀದಿಯನ್ನು ಪಡೆಯಲಿ. ರಕ್ಷಣೆಯು ನಿಜವಾಗಿ ಬೇಕಾದವರಿಗೆ ಸಮವಸ್ತ್ರದ ಪೋಲೀಸರು ಸಾಕು. ಚುನಾವಣೆಯ ಕಾಲದಲ್ಲಿ ಪರವಾನಗಿದಾರರು ವಾರಗಟ್ಟಲೆ ಬಂದೂಕನ್ನು ಠಾಣೆಯಲ್ಲಿ ಇಡುವುದುಂಟು. ಮತದಾನಕ್ಕಾಗಿ ಆದದ್ದು ಮಕ್ಕಳು ಹೆಂಗಸರು ಕುಳಿತ ಕಬಡ್ಡಿಯ ಒಂದು ಸಂಜೆಗಾಗಿ ಏಕೆ ಆಗಕೂಡದು? ಷರತ್ತನ್ನು ಮುರಿದವನ ಪರವಾನಗಿಯನ್ನು ಅಮಾನತ್ತಿನಲ್ಲಿ ಇಡಲು, ರದ್ದುಗೊಳಿಸಲು ಕಾಯಿದೆಯ 17ನೆಯ ಕಲಮು ಜಿಲ್ಲಾಧಿಕಾರಿಗಳಿಗೆ ಅಧಿಕಾರವನ್ನು ಕೊಟ್ಟಿದೆ. ಒಮ್ಮೆ ಅದನ್ನು ಒಬ್ಬ ದೊಡ್ಡವನ ಮೇಲೆ ನಡೆಯಿಸಿದರೆ ನೂರು ಪ್ರಕಟಣೆಗಳಿಗಿಂತ ಹೆಚ್ಚು ಫಲವಾದೀತು.

ಆದರೆ ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನಾಗರಿಕರಿಗೆ ಸಲ್ಲದು. ಬಂದೂಕಿನವರನ್ನು ಹಿಂದಿಟ್ಟುಕೊಂಡು ಬರುವ ಅತಿಥಿಯನ್ನು ಕರೆಯುವವರು ನಾವೇ. ಅವನಿಗೆ ಹಾರವನ್ನು ಹಾಕುವವರೂ ನಾವೇ. ಬಂದೂಕನ್ನು ಹೊರಗಿಟ್ಟು ಬರುವುದಾದರೆ ಮಾತ್ರ ಬನ್ನಿರೆಂದು ವಿನಯದಿಂದ ಹೇಳುವ ಧೈರ್ಯವು ಊರಿನ ಹಿರಿಯರಿಗೆ ಬರಬೇಕು. ಹಾಗೆ ಹೇಳಿದುದಕ್ಕೆ ಒಂದು ಕಪ್ಪು ಕಡಿಮೆಯಾದರೆ ಆಗಲಿ. ಕುಸ್ತಿಯಲ್ಲಿ ಚಿತ್ತಾದವನು ಮಣ್ಣನ್ನು ಕೊಡವಿಕೊಂಡು ಎದ್ದು, ಗೆದ್ದವನ ಕೈಯನ್ನು ಹಿಡಿಯುತ್ತಾನೆ. ಆಟವು ಊರಿಗೆ ಕಲಿಸುವುದು ಇದನ್ನೇ. ಸೋತವನು ಎದ್ದು ಮನೆಗೆ ಹೋಗಬಲ್ಲ ಜಾಗವಾಗಿಯೇ ನಮ್ಮ ಬಯಲುಗಳು ಉಳಿಯಬೇಕು. ಜನವರಿಯ ಆ ರಾತ್ರಿ ಬಳ್ಳಾರಿಯ ಒಬ್ಬ ತಾಯಿಯ ಮಗನು ಮನೆಗೆ ಮರಳಲಿಲ್ಲ. ಇನ್ನೊಬ್ಬಳಿಗೆ ಆ ದುಃಖವು ಬಾರದಂತೆ ನೋಡಿಕೊಳ್ಳುವ ಹೊಣೆಯು ಅಧಿಕಾರಿಗಳದೂ ಹೌದು, ನಮ್ಮೆಲ್ಲರದೂ ಹೌದು.