ಕಾಲ್ಚೆಂಡಾಟದ ಟಿಕೇಟು

ಕನಕಪುರ ರಸ್ತೆಯ ಜರಗನಹಳ್ಳಿಯಲ್ಲಿ ಸಣ್ಣ ಕಾರ್ಖಾನೆಗಳ ಕೆಲಸಗಾರರೂ ಅಂಗಡಿಗಳ ನೌಕರರೂ ಕಾಲೇಜು ವಿದ್ಯಾರ್ಥಿಗಳೂ ಬಹುಸಂಖ್ಯೆಯಲ್ಲಿ ವಾಸವಾಗಿದ್ದಾರೆ. ಅಲ್ಲಿಯ ಫುಟ್‌ಬಾಲ್ ಅಭಿಮಾನಿಗಳು ನಾಲ್ವರು ಕೂಡಿದೆಡೆಯಲ್ಲಿ, ಗೋಲುಗಳ ಮಾತು ಮುಗಿಯುವುದರೊಳಗೇ ಟಿಕೇಟಿನ ಬೆಲೆಯ ಮಾತು ಏಳುತ್ತಿದೆ. ಉತ್ತಮವಾದ ಆಟ ಬೇಕೆಂದರೆ ತಕ್ಕ ಬೆಲೆ ತೆರಬೇಕು, ಆಟಗಾರರು ಗಾಳಿ ಕುಡಿದು ಬದುಕುವರೇ ಎಂದು ಒಂದು ಪಕ್ಷದವರು ಕೇಳುವರು. ಒಬ್ಬನ ಟಿಕೇಟಾದರೆ ಹೇಗೋ ಆದೀತು, ಮಕ್ಕಳಿಬ್ಬರನ್ನು ಕರೆದುಕೊಂಡು ಹೋಗುವ ತಂದೆಯ ಪಾಡೇನು ಎಂದು ಇನ್ನೊಂದು ಪಕ್ಷದವರ ಪ್ರಶ್ನೆ. ಯಲಚೇನಹಳ್ಳಿಯವರೆಗೆ ಮೆಟ್ರೋ ರೈಲು 2017ರಲ್ಲಿಯೇ ಬಂದಿತು, ನಿಜ; ಆದರೆ 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರವು 60 ರೂಪಾಯಿಗಳಿಂದ 90 ರೂಪಾಯಿಗಳಿಗೆ ಏರಿತು. ಕ್ರೀಡಾಂಗಣದ ಬಾಗಿಲನ್ನು ಕಾಣುವ ಮೊದಲೇ ಸಂಸಾರಸ್ಥನ ಜೇಬು ಅರ್ಧ ಹಗುರಾಗಿರುತ್ತದೆ.

ಈ ವಾದದಲ್ಲಿ ನಾವು ಎರಡನೆಯ ಪಕ್ಷದವರ ಕಡೆಗೆ ವಾಲುತ್ತೇವೆ. ಕಾರಣವನ್ನು ಹೇಳುವುದು ನಮ್ಮ ಕರ್ತವ್ಯ.

ಬೆಂಗಳೂರಿನ ಕಾಲ್ಚೆಂಡಾಟವನ್ನು ಬೆಳೆಸಿದವರು ಶ್ರೀಮಂತರಲ್ಲ. ದಂಡಿನ ಪ್ರದೇಶದ ಆಸ್ಟಿನ್ ಟೌನ್, ಗೌತಮಪುರಗಳಂತಹ ಬಡವರ ಕೇರಿಗಳಲ್ಲಿ ಅದು ಬೇರೂರಿತು. ರೋವರ್ಸ್ ಕಪ್ಪು ಬಿಳಿಯರ ಸೈನ್ಯದ ತಂಡಗಳ ಪಿತ್ರಾರ್ಜಿತ ಸ್ವತ್ತಿನಂತಿದ್ದ ಕಾಲದಲ್ಲಿ, 1937ರಲ್ಲಿಯೂ 1938ರಲ್ಲಿಯೂ ಅದನ್ನು ಗೆದ್ದು ತಂದದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಅಹ್ಮದ್ ಖಾನ್ ಈ ಊರಿನವರು. ಮುಂದೆ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳ ತಂಡಗಳು ಈ ಆಟವನ್ನು ಕಾಪಾಡಿಕೊಂಡು ಬಂದವು. ಅಂತಹ ಆಟವನ್ನು ನೋಡುವ ಭಾಗ್ಯವು ದುಡಿಯುವವನಿಗೇ ತಪ್ಪಿಹೋಗುವುದಾದರೆ, ನೆಟ್ಟವನಿಗೆ ನೆರಳಿಲ್ಲವೆಂದಂತಾಗುವುದಿಲ್ಲವೆ?

ಕ್ಲಬ್ಬಿನವರ ಕಷ್ಟವನ್ನು ನಾವು ಅರಿಯದವರಲ್ಲ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ಮೊದಲನೆಯ ವರ್ಷದಲ್ಲಿಯೇ ಐ-ಲೀಗನ್ನು ಗೆದ್ದಿತು. 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲನೆಯ ಭಾರತೀಯ ಕ್ಲಬ್ಬಾಯಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಗೆದ್ದಿತು. ಅಂತಹ ಕ್ಲಬ್ಬೇ 2025ರ ಆಗಸ್ಟಿನಲ್ಲಿ, ಲೀಗಿನ ಭವಿಷ್ಯವು ಅನಿಶ್ಚಿತವಾದಾಗ, ಆಟಗಾರರ ಸಂಬಳವನ್ನು ತಡೆಹಿಡಿಯಬೇಕಾಯಿತು. ಲೀಗು ಕಡೆಗೆ 2026ರ ಫೆಬ್ರುವರಿ 14ರಂದು ಆರಂಭವಾದಾಗ, ಹಿಂದಿನ ವರ್ಷ 24 ಪಂದ್ಯಗಳಾಡಿದ್ದ ತಂಡಕ್ಕೆ 13 ಪಂದ್ಯಗಳು ಮಾತ್ರ ಉಳಿದವು. ಪಂದ್ಯಗಳು ಕಡಮೆಯಾದಾಗ ಒಂದೊಂದರಿಂದಲೂ ಹೆಚ್ಚು ಹುಟ್ಟುವಳಿಯನ್ನು ತೆಗೆಯಬೇಕೆಂಬ ಆಸೆ ಯಾವ ವ್ಯವಸ್ಥಾಪಕನಿಗಾದರೂ ಹುಟ್ಟಬಹುದು. ಆದರೆ ಬರಿದಾದ ಮೆಟ್ಟಿಲುಗಳ ಮುಂದೆ ಆಡುವ ಆಟಕ್ಕೆ ಜಾಹೀರಾತುದಾರನೂ ಬಾರನು. ಪಶ್ಚಿಮದ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷಗಳೂ ನಿಂತು ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಬಳಗದಂಥವರು ಗಿರಾಕಿಗಳಷ್ಟೇ ಅಲ್ಲ. ಆಟದ ಒಂದು ಅಂಗವೇ ಆಗಿದ್ದಾರೆ. ಅವರ ಕಂಠವನ್ನು ಯಾವ ಬೆಲೆಗೂ ಕೊಳ್ಳಲಾಗದು, ಬೆಲೆಯನ್ನೇರಿಸಿ ಕಳೆದುಕೊಳ್ಳಬಹುದು.

ಪರದೇಶಗಳ ಅನುಭವವೂ ಇದನ್ನೇ ಸಾರುತ್ತದೆ. 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ಕ್ಲಬ್ಬು 77 ಪೌಂಡುಗಳ ಟಿಕೇಟನ್ನು ಘೋಷಿಸಿದಾಗ, ಸಾವಿರಾರು ಅಭಿಮಾನಿಗಳು ಪಂದ್ಯದ 77ನೆಯ ನಿಮಿಷದಲ್ಲಿ ಎದ್ದು ಹೊರನಡೆದರು. ಎರಡು ಗೋಲುಗಳಿಂದ ಮುಂದಿದ್ದ ತಂಡವು ಆ ಮೇಲೆ ಎರಡು ಗೋಲುಗಳನ್ನು ಬಿಟ್ಟುಕೊಟ್ಟಿತು. ಕೆಲವೇ ದಿನಗಳಲ್ಲಿ ಮಾಲಿಕರು ಕ್ಷಮೆ ಬೇಡಿ ಆ ಬೆಲೆಯನ್ನು ಹಿಂತೆಗೆದುಕೊಂಡರು. 2026ರ ವಿಶ್ವಕಪ್ಪಿನ ದುಬಾರಿ ಟಿಕೇಟುಗಳ ಮೇಲೆ ಕೂಗೆದ್ದಾಗ, ಫಿಫಾ ಸಂಸ್ಥೆಯೇ 2025ರ ಡಿಸೆಂಬರಿನಲ್ಲಿ ಮಣಿದು, ಪ್ರತಿಯೊಂದು ಪಂದ್ಯಕ್ಕೂ 60 ಡಾಲರುಗಳ ಟಿಕೇಟುಗಳನ್ನು ಕೆಲವನ್ನಾದರೂ ಇರಿಸಿತು. ಸಂಘಟಿತವಾದ ಶಾಂತ ಪ್ರತಿಭಟನೆಯು ನಿಷ್ಫಲವಲ್ಲವೆಂಬುದನ್ನು ನಮ್ಮ ಅಭಿಮಾನಿಗಳು ಗಮನಿಸಬೇಕು.

ಹಾಗಾದರೆ ಪರಿಹಾರವೇನು? ಸರ್ಕಾರದ ಆಜ್ಞೆಯಿಂದ ಬೆಲೆಗಟ್ಟುವುದು ಸುಲಭವಲ್ಲ. 2025ರ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೇಟಿಗೆ 200 ರೂಪಾಯಿಗಳ ಮಿತಿಯನ್ನು ಕರ್ನಾಟಕ ಸರ್ಕಾರದವರು ವಿಧಿಸಿದರು. ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಆದರೆ ಕಾಲ್ಚೆಂಡಾಟದ ಸಂಗತಿ ಬೇರೆ. ಚಿತ್ರಮಂದಿರವು ಖಾಸಗಿಯವರ ಸ್ವತ್ತು. ಶ್ರೀ ಕಂಠೀರವ ಕ್ರೀಡಾಂಗಣವು ಸಾರ್ವಜನಿಕರ ಸ್ವತ್ತು, ಸರ್ಕಾರದ ಕ್ರೀಡಾ ಇಲಾಖೆಯ ವಶದಲ್ಲಿರುವಂತಹುದು. ಪಂದ್ಯಗಳಿಗಾಗಿ ತಮ್ಮ ಓಟದ ಅಂಗಣ ತಪ್ಪುತ್ತಿದೆಯೆಂದು ಓಟಗಾರರು ಹಿಂದೆ ನ್ಯಾಯಾಲಯದವರೆಗೂ ಹೋದದ್ದುಂಟು. ಇಷ್ಟನ್ನು ಬಿಟ್ಟುಕೊಟ್ಟ ಸಾರ್ವಜನಿಕರು ಪ್ರತಿಯಾಗಿ ಒಂದು ಷರತ್ತನ್ನು ಕೇಳುವುದು ಅನ್ಯಾಯವಲ್ಲ. ಮನೆಯ ಯಜಮಾನನು ಬಾಡಿಗೆಯ ಕರಾರಿನಲ್ಲಿ ತನ್ನ ಷರತ್ತನ್ನು ಬರೆಯಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲವಷ್ಟೆ.

ನಾವು ಸೂಚಿಸತಕ್ಕದ್ದಿಷ್ಟು: ಪ್ರತಿ ಪಂದ್ಯದಲ್ಲಿಯೂ ಸ್ಥಳಗಳ ನಾಲ್ಕರಲ್ಲೊಂದು ಪಾಲು, ದಿನಗೂಲಿಯವನೂ ಕೊಳ್ಳಬಲ್ಲ ಬೆಲೆಗೆ ಮೀಸಲಾಗಿರಲಿ. ಆ ಬೆಲೆಯು ಋತುವಿನ ಮೊದಲೇ ಪ್ರಕಟವಾಗಲಿ. ಎದುರಾಳಿ ದೊಡ್ಡವನೆಂದು ನಡುವೆ ಏರದಿರಲಿ. ಶಾಲೆಯ ಮಕ್ಕಳಿಗೆ ಅರ್ಧ ದರವಿರಲಿ. ಉಳಿದ ಮುಕ್ಕಾಲು ಪಾಲಿನಲ್ಲಿ, ಕೊಡಬಲ್ಲವರಿಂದ ಕ್ಲಬ್ಬಿನವರು ಪಡೆಯುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಪುಕ್ಕಟೆ ಪ್ರವೇಶವನ್ನು ನಾವು ಕೇಳುತ್ತಿಲ್ಲ. ಪುಕ್ಕಟೆಯೆಂಬ ಮಾತು ಅಸ್ಪಷ್ಟವಾಗಿ ಹರಡಿದಾಗ ಏನಾಗಬಹುದೆಂಬುದನ್ನು 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಹನ್ನೊಂದು ಜೀವಗಳನ್ನು ಕಳೆದುಕೊಂಡ ಈ ನಗರಕ್ಕೆ ಬೇರೆ ಹೇಳಬೇಕಾಗಿಲ್ಲ. ಬೇಕಾದದ್ದು ನಿಶ್ಚಿತವಾದ, ಮಿತವಾದ, ಎಲ್ಲರಿಗೂ ಮುಂಚಿತವಾಗಿ ತಿಳಿದ ಬೆಲೆ.

ಜರಗನಹಳ್ಳಿಯ ಬಯಲಿನಲ್ಲಿ ಇಂದು ಹಳೆಯ ಚೆಂಡನ್ನೊದೆಯುತ್ತಿರುವ ಹುಡುಗನು ಒಮ್ಮೆಯಾದರೂ ದೊಡ್ಡ ಆಟವನ್ನು ಕಣ್ಣಾರೆ ಕಾಣಬೇಕು. ಕಾಣದವನು ಆಡಲಾರನು. ಅವನನ್ನು ಬಾಗಿಲಲ್ಲಿಯೇ ತಡೆದು, ರಾಷ್ಟ್ರದ ತಂಡವೇಕೆ ಸೋತಿತೆಂದು ಆಮೇಲೆ ವಿಚಾರಣಾ ಸಮಿತಿಗಳನ್ನು ನೇಮಿಸುವುದು ವಿವೇಕವಲ್ಲ. ಕ್ರೀಡಾ ಇಲಾಖೆಯವರೂ ಕ್ಲಬ್ಬಿನವರೂ ಮುಂದಿನ ಕರಾರಿಗೆ ರುಜು ಹಾಕುವ ಮುನ್ನ ಇದನ್ನು ಆಲೋಚಿಸುವರೆಂದು ನಂಬುತ್ತೇವೆ.