ಬಿಗಿದ ಪಟ್ಟಿ ಮತ್ತು ಮುಳುಗುಗಾರನ ಕ್ಷೇಮ

ನೀರಿನಡಿಯಲ್ಲಿ ಮೀನಿನಂತೆ ಸ್ವೇಚ್ಛೆಯಾಗಿ ಸಂಚರಿಸಬೇಕೆಂಬ ಆಸೆ ಮಾನವನಿಗೆ ಬಹು ಪ್ರಾಚೀನವಾದುದು. ಆ ಆಸೆಯನ್ನು ಸಾಮಾನ್ಯರಿಗೂ ಎಟುಕುವಂತೆ ಮಾಡಿದವರು ಫ್ರಾನ್ಸ್ ದೇಶದ ನೌಕಾಧಿಕಾರಿ ಕೂಸ್ತೊ ಮತ್ತು ಎಂಜಿನಿಯರ್ ಗಾನ್ಯಾ. ಉಸಿರೆಳೆದಾಗ ಮಾತ್ರ, ಸುತ್ತಣ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿಯನ್ನೊದಗಿಸುವ ಉಪಕರಣವನ್ನು ಅವರು 1943ರಲ್ಲಿ ಸಿದ್ಧಪಡಿಸಿದರು. ಇಂದು ನಮ್ಮ ನಾಡಿನಲ್ಲಿಯೇ, ಮುರುಡೇಶ್ವರದ ಆಚೆ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಬಳಿ, ಕಾಲೇಜು ವಿದ್ಯಾರ್ಥಿಗಳು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಹೊತ್ತು ಸ್ಕೂಬಾ ಮುಳುಗಾಟದ ರುಚಿಯನ್ನು ನೋಡಿ ಬರುತ್ತಾರೆ.

ಸಿಲಿಂಡರು, ಕೊಳವೆ, ಒತ್ತಡಮಾಪಕ ಇವುಗಳ ವಿಚಾರವಾಗಿ ಬೇಕಾದಷ್ಟು ಬರೆಯಲಾಗಿದೆ. ಆದರೆ ಆ ಸಿಲಿಂಡರನ್ನು ಮುಳುಗುಗಾರನ ಬೆನ್ನಿಗೆ ಹಿಡಿದಿಡುವ ಸಾಧನ ಯಾವುದು? ಗಾಳಿ ತುಂಬಿಸಿಯೋ ಬಿಟ್ಟೋ ತೇಲುವಿಕೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಲ್ಲ ತೋಳಿಲ್ಲದ ಅಂಗಿಯೊಂದನ್ನು ಅವನು ತೊಟ್ಟಿರುತ್ತಾನೆ. ಇದನ್ನು ತೇಲುಕವಚ ಎನ್ನೋಣ. ಅದರ ಬೆನ್ನಿನ ಭಾಗಕ್ಕೆ ಸಿಲಿಂಡರನ್ನು ಒತ್ತಿ ಹಿಡಿಯುವುದು ಸುಮಾರು 5 ಸೆಂಟಿಮೀಟರು ಅಗಲದ ಒಂದು ಪಟ್ಟಿ, ಕೆಲವು ವೇಳೆ ಎರಡು. ಮೊಳೆಯಿಲ್ಲ, ತಿರುಪಿಲ್ಲ, ಹಿಡಿದಿರುವುದು ಕೇವಲ ಘರ್ಷಣೆ.

ಸಮುದ್ರಕ್ಕೆ ಸುಮಾರು 300 ಕಿಲೋಮೀಟರು ದೂರದ ಯಶವಂತಪುರದಲ್ಲಿ ಪಾಠ ಹೇಳುವವರಿಗೆ ಈ ಪಟ್ಟಿಯ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ನಮ್ಮ ಉತ್ತರ ಇಷ್ಟೆ: ಇಲ್ಲಿಯ ಮಾರುಕಟ್ಟೆಯ ಅಂಗಳದಿಂದ ಮೂಟೆ ಹೇರಿಕೊಂಡು ಹೊರಡುವ ಲಾರಿಯ ಹಗ್ಗಕ್ಕೂ, ನೇತ್ರಾಣಿಯ ಮುಳುಗುಗಾರನ ಪಟ್ಟಿಗೂ ಅನ್ವಯಿಸುವ ನಿಯಮ ಒಂದೇ. ಘರ್ಷಣೆಯೆಂದರೆ ಯಂತ್ರದ ಶಕ್ತಿಯನ್ನು ಕದಿಯುವ ಕಳ್ಳನೆಂದು ವಿದ್ಯಾರ್ಥಿಗಳು ಕಲಿಯುತ್ತಾರೆ. ಅದು ಪ್ರಾಣವನ್ನು ಕಾಯುವ ಆಳೂ ಹೌದು, ಆ ಆಳು ಕೈಬಿಡುವುದು ಯಾವಾಗ ಎಂಬುದನ್ನೂ ಕಲಿಯಬೇಕು ಎಂಬುದೇ ನಮ್ಮ ವಾದ.

ಮೊದಲು ತೂಕದ ಲೆಕ್ಕವನ್ನು ನೋಡೋಣ. ಬಹಳ ಬಳಕೆಯಲ್ಲಿರುವ ಅಲ್ಯೂಮಿನಿಯಮ್ ಸಿಲಿಂಡರೊಂದರ ಒಳಗಣ ಗಾತ್ರ ಸುಮಾರು 11 ಲೀಟರು, ಹೊರವ್ಯಾಸ 18.4 ಸೆಂಟಿಮೀಟರು. ಕವಾಟವೂ ಸೇರಿ ಬರಿಯ ಸಿಲಿಂಡರು ಸುಮಾರು 15 ಕಿಲೋಗ್ರಾಂ ತೂಗುತ್ತದೆ. ವಾಯುಮಂಡಲದ ಒತ್ತಡದ ಸುಮಾರು 200ರಷ್ಟಕ್ಕೆ ಅದುಮಿ ತುಂಬಿದಾಗ ಒಳಗೆ ಸೇರುವ ಗಾಳಿಯೇ 2.6 ಕಿಲೋಗ್ರಾಂ. ಗಾಳಿಗೆ ತೂಕವೆಲ್ಲಿಯದು ಎನ್ನುವವರು ಇದನ್ನು ಗಮನಿಸಬೇಕು. ಹೀಗೆ ತುಂಬಿದ ಸಿಲಿಂಡರು ದೋಣಿಯ ಮೇಲೆ 17.6 ಕಿಲೋಗ್ರಾಂ. ಅದು ಸ್ಥಳಾಂತರಿಸುವ ಸಮುದ್ರದ ನೀರು ಸುಮಾರು 16.8 ಕಿಲೋಗ್ರಾಂ. ಆರ್ಕಿಮಿಡೀಸನ ನಿಯಮದಂತೆ, ಮುಳುಗಿದೊಡನೆ ಅದರ ತೋರಿಕೆಯ ತೂಕ ಒಂದು ಕಿಲೋಗ್ರಾಮಿಗಿಂತಲೂ ಕಡಿಮೆ. ಗಾಳಿಯೆಲ್ಲ ತೀರಿದರೆ ಸಿಲಿಂಡರು ಸುಮಾರು 1.8 ಕಿಲೋಗ್ರಾಂ ಬಲದಿಂದ ಮೇಲಕ್ಕೆ ತೇಲಲೆಳಸುತ್ತದೆ. ಮೊದಲು ಕೆಳಕ್ಕೆ ಜಗ್ಗುತ್ತಿದ್ದುದು ಕೊನೆಯಲ್ಲಿ ಮೇಲಕ್ಕೆ ಜಗ್ಗುತ್ತದೆ. ಪಟ್ಟಿ ಎರಡನ್ನೂ ತಡೆಯಬೇಕು.

ಇನ್ನು ಪಟ್ಟಿಯ ಬಲ. ದುಂಡಾದ ವಸ್ತುವಿನ ಸುತ್ತ ಪಟ್ಟಿಯನ್ನು ಎಳೆದು ಬಿಗಿದರೆ, ಅದು ಎಲ್ಲ ಕಡೆಯಿಂದಲೂ ಒಳಮುಖವಾಗಿ ಒತ್ತುತ್ತದೆ. ಪೂರ್ಣ ಸುತ್ತಿನ ಈ ಒತ್ತುಬಲಗಳನ್ನೆಲ್ಲ ಕೂಡಿದರೆ ಬರುವುದು ಪಟ್ಟಿಯ ಎಳೆತದ 2π ಪಾಲು, ಎಂದರೆ ಆರು ಪಾಲಿಗೂ ಸ್ವಲ್ಪ ಹೆಚ್ಚು. ಇದನ್ನು ಘರ್ಷಣಾಂಕದಿಂದ ಗುಣಿಸಿದರೆ ಸಿಲಿಂಡರು ಜಾರದಂತೆ ತಡೆಯುವ ಗರಿಷ್ಠ ಬಲ ದೊರೆಯುತ್ತದೆ. ಉತ್ತರದಲ್ಲಿ ಸಿಲಿಂಡರಿನ ದಪ್ಪದ ಮಾತೇ ಇಲ್ಲವೆಂಬುದು ಸ್ವಾರಸ್ಯದ ಸಂಗತಿ. ಬೆನ್ನಹಲಗೆಯ ಆಕಾರದಿಂದ ಲೆಕ್ಕ ತುಸು ವ್ಯತ್ಯಾಸವಾದರೂ ತತ್ತ್ವ ಬದಲಾಗದು.

ಘರ್ಷಣಾಂಕ 0.3 ಎಂದೂ, ಎಳೆತ 10 ಕಿಲೋಗ್ರಾಂ ತೂಕಕ್ಕೆ ಸಮನೆಂದೂ ಇಟ್ಟುಕೊಳ್ಳೋಣ. ಆಗ ಪಟ್ಟಿ ತಡೆಯಬಲ್ಲದ್ದು 18.8 ಕಿಲೋಗ್ರಾಂ, 17.6 ಕಿಲೋಗ್ರಾಮಿನ ಸಿಲಿಂಡರು ನಿಂತಿತು. ಎಳೆತ 9ಕ್ಕೆ ಇಳಿಯಲಿ. ತಡೆಯುವ ಬಲ 17ಕ್ಕೆ ಇಳಿದು ಸಿಲಿಂಡರು ಜಾರುತ್ತದೆ. ಹತ್ತರಲ್ಲೊಂದು ಪಾಲಿನ ಸಡಿಲವು ಸ್ಥಿತಿಯನ್ನೇ ತಲೆಕೆಳಗು ಮಾಡಿತು. ಪಟ್ಟಿಯನ್ನು ಕೈಯಿಂದೆಳೆದು ಬಿಟ್ಟರೆ ಸಾಲದೆ ಸನ್ನೆಗೋಲಿನಂತೆ ಮಡಚಿ ಬಿಗಿಯುವ ಬಕಲನ್ನು ಜೋಡಿಸಿರುವುದು, ಎಳೆತವನ್ನು ಬೇಕಾದುದಕ್ಕಿಂತ ಎಷ್ಟೋ ಹೆಚ್ಚಾಗಿರಿಸುವುದಕ್ಕಾಗಿಯೇ.

ಈ ಎಳೆತವನ್ನು ಕದಿಯುವ ಕಳ್ಳ ನೀರು. ಮಳೆ ಬಂದಾಗ ಹತ್ತಿಯ ಅಥವಾ ಸೆಣಬಿನ ಹಗ್ಗ ಬಿಗಿಯಾಗುವುದನ್ನು ನಮ್ಮ ಹಿರಿಯರೆಲ್ಲ ಬಲ್ಲರು. ನೀರು ಹೀರಿದ ನಾರು ಅಡ್ಡಲಾಗಿ ಉಬ್ಬಿ, ಹುರಿಯು ದಪ್ಪವಾಗಿ, ಹಗ್ಗದ ಉದ್ದ ಕುಗ್ಗುತ್ತದೆ. ಆದರೆ ಮುಳುಗುಗಾರನ ಪಟ್ಟಿ ಸಾಮಾನ್ಯವಾಗಿ ನೈಲಾನಿನ ನೇಯ್ಗೆ. ನೀರಿನ ಅಣುಗಳು ನೈಲಾನಿನ ಸರಪಳಿಗಳ ನಡುವೆ ನುಸುಳಿ ಅವುಗಳ ಪರಸ್ಪರ ಬಂಧವನ್ನು ಸಡಿಲಿಸುತ್ತವೆ, ಪಟ್ಟಿ ಉದ್ದವಾಗುತ್ತದೆ. ಸಿಲಿಂಡರಿನ ಸುತ್ತಳತೆ ಸುಮಾರು 58 ಸೆಂಟಿಮೀಟರು. ನೂರಕ್ಕೆ ಒಂದರಷ್ಟು ಬೆಳೆದರೂ ಪಟ್ಟಿ 6 ಮಿಲಿಮೀಟರು ಸಡಿಲವಾಯಿತು. ಬಿಗಿಯುವಾಗ ಪಟ್ಟಿ ಹಿಗ್ಗಿದ್ದುದೇ ಕೆಲವು ಮಿಲಿಮೀಟರು ಎಂಬುದನ್ನು ನೆನೆದರೆ, ಎಳೆತದ ಬಹುಭಾಗ ಹೀಗೆ ಕರಗಿಹೋಗಬಹುದೆಂಬುದು ಸ್ಪಷ್ಟ. ಹಗ್ಗದ ಅನುಭವವನ್ನು ನೈಲಾನಿಗೆ ಹಚ್ಚಿದರೆ ಫಲ ವಿಪರೀತವಾದೀತು.

ಆದ್ದರಿಂದಲೇ ಪಟ್ಟಿಯನ್ನು ಮೊದಲೇ ನೀರಿನಲ್ಲಿ ಚೆನ್ನಾಗಿ ನೆನೆಸಿ, ಆಮೇಲೆ ಬಿಗಿಯಬೇಕೆಂದು ಮುಳುಗಾಟದ ಶಿಕ್ಷಕರು ಹೇಳುತ್ತಾರೆ. ಬೆಳೆಯಬೇಕಾದಷ್ಟು ಮೊದಲೇ ಬೆಳೆದ ಪಟ್ಟಿ ಮತ್ತೆ ಬೆಳೆಯದು. ಒಣಗಿದ ಪಟ್ಟಿಯನ್ನು ಬಿಗಿದವನಿಗಾದರೋ ದೋಣಿಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ನೀರಿನಲ್ಲಿ ಪಟ್ಟಿ ಸಡಿಲವಾದರೂ ತೋರಿಕೆಯ ತೂಕ ಅತ್ಯಲ್ಪವಾದುದರಿಂದ ಮೋಸ ಕೂಡಲೇ ಬಯಲಾಗದು. ಆದರೆ ತೂಕ ಕುಗ್ಗಿದರೂ ಜಡತ್ವ ಕುಗ್ಗುವುದಿಲ್ಲ. ಮುಳುಗುಗಾರನು ಥಟ್ಟನೆ ತಿರುಗಿದಾಗ, ತಲೆಕೆಳಗಾಗಿ ಇಳಿದಾಗ, ಅಥವಾ ಏಣಿಯೇರಿ ನೀರಿನಿಂದ ಹೊರಬಂದು ಪೂರ್ಣ ತೂಕ ಮರಳಿದಾಗ ಸಿಲಿಂಡರು ಜಾರುತ್ತದೆ. ಅದರೊಡನೆ ಕೊಳವೆಯೂ ಎಳೆಯಲ್ಪಟ್ಟು ಬಾಯಿಯ ಕಚ್ಚುಗೊಳವೆ ಕಿತ್ತುಬರಬಹುದು. ಗಾಬರಿಗೊಂಡವನು ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದನೋ, ಬಾಯ್ಲನ ನಿಯಮ ಅವನನ್ನು ಬಿಡದು: 10 ಮೀಟರು ಆಳದಲ್ಲಿ ತುಂಬಿಕೊಂಡ ಗಾಳಿ ಮೇಲ್ಮೈಯಲ್ಲಿ ಇಮ್ಮಡಿ ಗಾತ್ರಕ್ಕೆ ಹಿಗ್ಗಲೆಳಸುತ್ತದೆ. ಶ್ವಾಸಕೋಶ ಹರಿಯುವ ಅಪಾಯವಿದು. ಆರು ಮಿಲಿಮೀಟರಿನ ಸಡಿಲ ಎಲ್ಲಿಗೆ ಮುಟ್ಟಬಹುದೆಂಬುದನ್ನು ನೋಡಿರಿ!

ಎರಡು ಪಟ್ಟಿಗಳಿದ್ದರೆ ಈ ಚಿಂತೆಯಿಲ್ಲ ಎನ್ನುವವರುಂಟು. ಎರಡನೆಯ ಪಟ್ಟಿ ಒಳ್ಳೆಯದೇ. ಆದರೆ ಎರಡನ್ನೂ ಒಣಗಿದ್ದಾಗಲೇ ಬಿಗಿದಿದ್ದರೆ ಎರಡೂ ಒಂದೇ ಕಾರಣದಿಂದ, ಒಂದೇ ಸಮಯದಲ್ಲಿ ಸಡಿಲವಾಗುತ್ತವೆ. ಒಂದೇ ರೋಗಕ್ಕೆ ಗುರಿಯಾಗುವ ಇಬ್ಬರು ಕಾವಲುಗಾರರು ಒಬ್ಬನಿಗಿಂತ ಬಹಳ ಮೇಲಲ್ಲ. ಕವಾಟದ ಕುತ್ತಿಗೆಗೆ ತೊಡಿಸುವ ಕುಣಿಕೆಯ ಮಾತು ಬೇರೆ. ಅದು ಘರ್ಷಣೆಯನ್ನು ನೆಚ್ಚದೆ ಸಿಲಿಂಡರನ್ನು ತೂಗುಹಾಕುತ್ತದೆ; ಆದಕಾರಣ ಕೆಳಕ್ಕೆ ಜಾರುವುದರ ವಿರುದ್ಧ ಅದು ನಿಜವಾದ ಎರಡನೆಯ ಕಾವಲು.

ಹೊಸಬರಿಗೆ ಶಿಕ್ಷಕರೇ ಎಲ್ಲವನ್ನೂ ಜೋಡಿಸಿ ಕೊಡುತ್ತಾರಲ್ಲ, ವಿದ್ಯಾರ್ಥಿಗೆ ಈ ತಿಳಿವಳಿಕೆ ಏಕೆ ಎಂಬ ಆಕ್ಷೇಪವೂ ಬರಬಹುದು. ಶಿಕ್ಷಕರು ಜೋಡಿಸುವುದೇ ಸರಿ. ಆದರೆ ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಬಹುಕಾಲ ಬಾಳವೆಂಬುದು ನಮ್ಮ ಜನರ ಮಾತು. ಕಾರಣವರಿಯದೆ ಪಾಲಿಸಿದ ನಿಯಮವನ್ನು ಆತುರದ ದಿನ ಮೊದಲು ಮರೆಯುತ್ತೇವೆ. ಮೇಲಾಗಿ ತನ್ನ ಬೆನ್ನು ತನಗೆ ಕಾಣದು. ಜೊತೆಗಾರನ ಪಟ್ಟಿಯನ್ನು ನೋಡಬಲ್ಲ ಕಣ್ಣು ಪ್ರತಿಯೊಬ್ಬನಿಗೂ ಇರಬೇಕು.

ಆದುದರಿಂದ ಒಂದು ಸಲಹೆಯನ್ನು ಅಧ್ಯಾಪಕರ ಮುಂದಿಡುತ್ತೇವೆ. ಇಳಿಜಾರು ಹಲಗೆಯ ಮೇಲೆ ಮರದ ತುಂಡನ್ನು ಜಾರಿಸುವ ಪ್ರಯೋಗದೊಡನೆ ಇದನ್ನೂ ಮಾಡಿಸಿರಿ. ನುಣುಪಾದ ಕೊಳವೆಯೊಂದಕ್ಕೆ ಒಣಗಿದ ನೈಲಾನ್ ಪಟ್ಟಿಯನ್ನು ಬಿಗಿದು, ಸ್ಪ್ರಿಂಗ್ ತಕ್ಕಡಿಯಿಂದ ಕೊಳವೆಯನ್ನು ಉದ್ದಕ್ಕೆ ಎಳೆದು, ಎಷ್ಟು ಬಲಕ್ಕೆ ಜಾರುತ್ತದೆಂಬುದನ್ನು ಬರೆದಿಡಲಿ. ಬಿಗಿದಂತೆಯೇ ಅರ್ಧ ಗಂಟೆ ನೀರಿನಲ್ಲಿಟ್ಟು ಮತ್ತೆ ಅಳೆಯಲಿ. ಕೊನೆಗೆ, ನೆನೆದ ಪಟ್ಟಿಯನ್ನೇ ಹೊಸದಾಗಿ ಬಿಗಿದು ಮೂರನೆಯ ಬಾರಿ ಅಳೆಯಲಿ. ಹತ್ತಿಯ ಪಟ್ಟಿಯಿಂದಲೂ ಇದನ್ನೇ ಮಾಡಿ ಹೋಲಿಸಲಿ. ಖರ್ಚು ಅತ್ಯಲ್ಪ, ದೊರೆಯುವ ವಿವೇಕ ದೊಡ್ಡದು.

ಮುಚ್ಚಿದ ಬಕಲು ಬಿಗಿತಕ್ಕೆ ಪ್ರಮಾಣವಲ್ಲ. ಯಾವ ಸ್ಥಿತಿಯಲ್ಲಿ ಕಟ್ಟು ನಿಲ್ಲಬೇಕೋ ಆ ಸ್ಥಿತಿಯಲ್ಲಿಯೇ ಅದನ್ನು ಪರೀಕ್ಷಿಸುವುದು ವಿಜ್ಞಾನದ ಮಾರ್ಗ. ಅನುಭವಸ್ಥನಾದ ಲಾರಿ ಚಾಲಕನು ಸ್ವಲ್ಪ ದೂರ ಹೋದ ಮೇಲೆ ಗಾಡಿಯನ್ನು ನಿಲ್ಲಿಸಿ ಹಗ್ಗವನ್ನು ಮತ್ತೊಮ್ಮೆ ಜಗ್ಗಿ ನೋಡುವುದೂ ಇದೇ ಮಾರ್ಗವೇ. ಸಮುದ್ರಕ್ಕಿಳಿಯುವ ತರುಣ ತರುಣಿಯರೂ ಹಾಗೆಯೇ ಮಾಡಲಿ. ಪಟ್ಟಿಯನ್ನು ನೆನೆಸಿ ಬಿಗಿಯಿರಿ. ತೇಲುಕವಚವನ್ನು ಹಿಡಿದೆತ್ತಿ ಸಿಲಿಂಡರನ್ನು ಬಲವಾಗಿ ಅಲುಗಿಸಿರಿ. ಒಂದಿಷ್ಟು ಜಾರಿದರೂ ಬಿಚ್ಚಿ ಮತ್ತೆ ಕಟ್ಟಿರಿ. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ. ಅಷ್ಟು ಕಾಲವನ್ನು ಉಳಿಸಿ ನೀರಿಗೆ ಹಾರುವುದರಲ್ಲಿ ಶೌರ್ಯವೇನೂ ಇಲ್ಲ.