ಕಾರ್ಡ್ ಹಂಚಿದರೆ ಮುಗಿಯಿತೇ?

ಸಿಕಲ್ ಸೆಲ್ ರೋಗವೆಂದರೆ ವಂಶವಾಹಿಯ ಒಂದಕ್ಷರದ ತಪ್ಪು, ತಪಾಸಣೆ ಮಾಡಿ ಕಾರ್ಡ್ ಹಂಚಿ, ವಾಹಕರು ತಮ್ಮತಮ್ಮಲ್ಲೇ ಮದುವೆಯಾಗದಂತೆ ನೋಡಿಕೊಂಡರೆ ಮುಗಿಯಿತು ಎಂಬ ಕಳೆದ ಸಂಚಿಕೆಯ ಲೇಖನದ ವಾದ ಅರ್ಧ ಸತ್ಯ. ತಪ್ಪು ಒಂದೇ, ನಿಜ: ಹಿಮೋಗ್ಲೋಬಿನ್ನಿನ ಭಾಗವಾದ ಬೀಟಾ ಗ್ಲೋಬಿನ್ನಿನ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್. ಆದರೆ ಕೆಂಪು ರಕ್ತಕಣವನ್ನು ಕುಡಗೋಲಿನಂತೆ ಬಾಗಿಸುವುದು, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ತಾವಾಗಿಯೇ ಕೂಡಿಕೊಂಡು ಹೆಣೆಯುವ 14 ಎಳೆಗಳ ನಾರು. ಅದು ಮೂಡಲು ಹಿಡಿಯುವ ಹೊತ್ತು ಕಣದೊಳಗಿನ ಸಾಂದ್ರತೆಗೆ ವಿಪರೀತ ಸೂಕ್ಷ್ಮ. ತುಸು ತೆಳುವಾದರೂ ಕಣ ಬಾಗುವ ಮೊದಲೇ ಕಿರುರಕ್ತನಾಳ ದಾಟಿಬಿಡಬಲ್ಲದು. ಹಾಗೆ ತೆಳುಗೊಳಿಸುವುದು, ನಾರಿನಲ್ಲಿ ಸೇರಿಕೊಳ್ಳದ ಭ್ರೂಣದ ಹಿಮೋಗ್ಲೋಬಿನ್. ಹುಟ್ಟಿದ ಮೇಲೆ ಅದರ ವಂಶವಾಹಿಯನ್ನು ಅದುಮಿಡುವುದು ಬಿಸಿಎಲ್11ಎ ಎಂಬ ಪ್ರೋಟೀನು. 2023ರಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆ ಆ ಒಂದಕ್ಷರವನ್ನು ಮುಟ್ಟುವುದೇ ಇಲ್ಲ, ಈ ಅದುಮುವಿಕೆಯನ್ನು ಸಡಿಲಿಸುತ್ತದೆ ಅಷ್ಟೇ. ಅಗ್ಗದ ಹೈಡ್ರಾಕ್ಸಿಯೂರಿಯಾ ಕೂಡ ಭ್ರೂಣದ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ.

ಭಾರತೀಯ ರೋಗಿಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ಸಹಜವಾಗಿಯೇ ಹೆಚ್ಚು, ಹಾಗಾಗಿ ರೋಗ ಸೌಮ್ಯ ಎನ್ನುವವರಿದ್ದಾರೆ. ಸರಾಸರಿಗೆ ಸರಿ, ವಿದರ್ಭದ ವೈದ್ಯರು ದಾಖಲಿಸಿದ ತೀವ್ರ ಪ್ರಕರಣಗಳಿಗೆ ಸರಿಯಲ್ಲ. 2023ರ ಜುಲೈ 1ರಂದು ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಹೊತ್ತಿದೆ, ಒಳ್ಳೆಯದೇ. ಆದರೆ ನಾಶಿಕದ ಸುರ್ಗಾಣಾ, ಪೇಠ್‌ನಂಥ ಆದಿವಾಸಿ ತಾಲೂಕುಗಳಲ್ಲಿ ಈಗಾಗಲೇ ರೋಗ ಹೊತ್ತು ಹುಟ್ಟಿದ ಮಗುವಿಗೆ ಮದುವೆಯ ಸಲಹೆಯಿಂದ ಏನಾದೀತು? ಅದಕ್ಕೆ ತಪ್ಪದೆ ಔಷಧಿ ಸಿಗಬೇಕು, ಭ್ರೂಣದ ಹಿಮೋಗ್ಲೋಬಿನ್ ಏರುತ್ತಿದೆಯೇ ಎಂದು ಅಳೆಯುವವರಿರಬೇಕು. ಅದೂ ನಾಶಿಕಕ್ಕೋ ಛತ್ರಪತಿ ಸಂಭಾಜಿನಗರಕ್ಕೋ ಬಸ್ಸು ಹತ್ತಿಸದೆ, ತಾಲೂಕಿನಲ್ಲೇ.